ಒಬ್ಬಳು ಲಾರಿ ಎತ್ತುತ್ತಾಳೆ, ಇನ್ನೊಬ್ಬ ಫೋಟೊ ತೆಗೆಯುತ್ತಾನೆ: ಇಬ್ಬರನ್ನೂ ಒಂದೇ ಟೇಬಲ್‌ನಲ್ಲಿ ಆಡಿಸುವುದು ಹೇಗೆ?

ಪ್ರಶ್ನೆ: ನಾಲ್ಕು ಜನ ಗೆಳೆಯರಿಗೆ ನಾನು ಗೇಮ್ ಮಾಸ್ಟರ್, ಅಂದರೆ ಕಥೆ ನಡೆಸುವವನು. ಒಬ್ಬೊಬ್ಬರು ಒಂದೊಂದು ಸೂಪರ್‌ಹೀರೋ ಪಾತ್ರ ಹಿಡಿದು, ದಾಳ ಹಾಕಿ ಕಥೆ ಕಟ್ಟುವ ಆಟ 'ಮ್ಯೂಟಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್', ಅದರ ಮೂರನೇ ಆವೃತ್ತಿ ಆಡಿಸುತ್ತಿದ್ದೇನೆ. ಕಥೆ ಬೆಂಗಳೂರಿನಲ್ಲೇ ನಡೆಯುತ್ತದೆ. ಎಲ್ಲರೂ ಪವರ್ ಲೆವೆಲ್ 10 (ಪಾತ್ರದ ಬಲಕ್ಕೆ ಇರುವ ಮಿತಿ), ಪಾತ್ರ ಕಟ್ಟಲು ಎಲ್ಲರಿಗೂ 150 ಪಾಯಿಂಟ್. 'ಸಿಡಿಲು' ಹಾರುತ್ತಾಳೆ, ಲಾರಿ ಎತ್ತಿ ಎಸೆಯುತ್ತಾಳೆ, ಗುಂಡು ಹೊಡೆದರೂ ಏನೂ ಆಗುವುದಿಲ್ಲ. 'ಬುಗುರಿ'ಗೆ ವೇಗ. 'ಮಾಯಾವಿ' ಇಲ್ಲದ್ದನ್ನು ಇದ್ದಂತೆ ತೋರಿಸುತ್ತಾಳೆ. 'ಕಾಗೆ' ಕ್ರೈಂ ರಿಪೋರ್ಟರ್. ಅವನಿಗೆ ಪವರ್ ಅಂತ ಏನೂ ಇಲ್ಲ. ಒಂದು ಕ್ಯಾಮೆರಾ, ಕರೆಂಟ್ ಹೊಡೆಯುವ ಒಂದು ಲಾಠಿ, ಊರ ತುಂಬ ಪರಿಚಯ, ಅಷ್ಟೇ. ಕಳೆದ ಸೆಷನ್ ಮುಗಿದ ಮೇಲೆ ಕಾಗೆಯನ್ನು ಆಡುವವನು, "ಸಿಡಿಲು ಇರುವಾಗ ನಾನ್ಯಾಕೆ ಬರಬೇಕು ಹೇಳು" ಅಂದ. ಸಿಡಿಲಿನ ಬಲ ಇಳಿಸಲಾ? ಕಾಗೆಗೆ ಏನಾದರೂ ಪವರ್ ಕೊಡಲಾ?

ಉತ್ತರ: ಎರಡೂ ಬೇಡ.

ಸಿಡಿಲಿನ ಬಲ ಇಳಿಸಿದರೆ, ಆ ಆಟಗಾರ್ತಿ ಇಷ್ಟಪಟ್ಟು ಕಟ್ಟಿದ ಪಾತ್ರವನ್ನು ಅವಳ ಕೈಯಿಂದ ಕಿತ್ತುಕೊಂಡ ಹಾಗಾಗುತ್ತದೆ. ಕಾಗೆಗೆ ಪವರ್ ಕೊಟ್ಟರೆ ಅವನು ಕಾಗೆಯಾಗಿ ಉಳಿಯುವುದಿಲ್ಲ, ಎರಡನೇ ದರ್ಜೆಯ ಸಿಡಿಲು ಆಗುತ್ತಾನೆ. 150 ಪಾಯಿಂಟ್ ಕೈಯಲ್ಲಿದ್ದೂ ಪವರ್ ಇಲ್ಲದವನನ್ನೇ ಆಡಬೇಕು ಅಂತ ಅವನೇ ಆರಿಸಿಕೊಂಡಿದ್ದಾನೆ. ಅದನ್ನು ಗಮನಿಸಿ. ಅವನ ದೂರು "ನನಗೆ ಬಲ ಇಲ್ಲ" ಎಂದಲ್ಲ. "ನಾನು ಬರದಿದ್ದರೂ ಕಥೆ ಹೀಗೇ ಮುಗಿಯುತ್ತಿತ್ತು" ಎಂದು. ಅವನಿಗೆ ಬೇಕಾಗಿರುವುದು ಪವರ್ ಅಲ್ಲ, ಕಥೆಯಲ್ಲಿ ಏನಾದರೂ ತೀರ್ಮಾನ ಮಾಡುವ ಅವಕಾಶ.

ಮೊದಲು ಲೆಕ್ಕ ನೋಡೋಣ. ಯಾಕೆಂದರೆ ಬಹಳ ಜನ ತೊಂದರೆ ಲೆಕ್ಕದಲ್ಲಿದೆ ಅಂದುಕೊಂಡು ಅಲ್ಲೇ ತಿದ್ದುತ್ತಾ ಕೂರುತ್ತಾರೆ.

ನಿಮ್ಮ ಆಟದಲ್ಲಿ ಒಂದು ಒಳ್ಳೆಯ ಕಟ್ಟುಪಾಡು ಇದೆ. ಹೊಡೆತದ ಗುರಿ ಮತ್ತು ಹೊಡೆತದ ಜೋರು ಎರಡನ್ನೂ ಕೂಡಿಸಿದರೆ ಪವರ್ ಲೆವೆಲ್‌ನ ಎರಡರಷ್ಟು ದಾಟಬಾರದು. ನಿಮ್ಮ ಟೇಬಲ್‌ನಲ್ಲಿ ಅಂದರೆ 20. ಸಿಡಿಲಿಗೆ ಗುರಿ 8, ಜೋರು 12 ಅಂದುಕೊಳ್ಳಿ. ಕಾಗೆಗೆ ಗುರಿ 13, ಲಾಠಿಯ ಜೋರು 7. ಎದುರಿಗೆ ತಪ್ಪಿಸಿಕೊಳ್ಳುವ ಚುರುಕು 10, ಗಟ್ಟಿತನ 10 ಇರುವ ವಿಲನ್. ಸಿಡಿಲು ಅವನನ್ನು ಹೊಡೆಯಲು 20 ಮುಖದ ದಾಳದಲ್ಲಿ 12 ಅಥವಾ ಜಾಸ್ತಿ ಬೀಳಬೇಕು. ಅಂದರೆ 100ಕ್ಕೆ 45 ಸಲ. ಕಾಗೆಗೆ 7 ಬಿದ್ದರೆ ಸಾಕು, 100ಕ್ಕೆ 70 ಸಲ. ಹೊಡೆತ ತಾಗಿದ ಮೇಲೆ ವಿಲನ್ ತಡೆದುಕೊಳ್ಳಬೇಕಲ್ಲ? ಸಿಡಿಲಿನ ಏಟಿಗೆ ಅವನು ದಾಳದ ಅಂಕಿಗೆ ಗಟ್ಟಿತನ ಸೇರಿಸಿ 27 ಮುಟ್ಟಬೇಕು, 100ಕ್ಕೆ 80 ಸಲ ಆಗುವುದಿಲ್ಲ. ಕಾಗೆಯ ಏಟಿಗೆ 22 ಸಾಕು, ಸೋಲುವುದು 55 ಸಲ. ಎರಡನ್ನೂ ಗುಣಿಸಿ ನೋಡಿ. ನೂರು ಸಲ ಬೀಸಿದರೆ ಸಿಡಿಲಿನಿಂದ ವಿಲನ್‌ಗೆ ಪೆಟ್ಟಾಗುವುದು 36 ಸಲ. ಕಾಗೆಯಿಂದ 38 ಸಲ!

ಸಿಡಿಲಿನ ಪೆಟ್ಟು ಬಿದ್ದಾಗ ಜಾಸ್ತಿ ಆಳಕ್ಕೆ ಬೀಳುತ್ತದೆ, ವಿಲನ್ ಬೇಗ ಉರುಳುತ್ತಾನೆ, ನಿಜ. ಆದರೂ ಆಟ ಬರೆದವರು ಹೊಡೆದಾಟದ ಮಟ್ಟಿಗೆ ಇಬ್ಬರನ್ನೂ ಹತ್ತಿರ ಹತ್ತಿರ ತಂದಿದ್ದಾರೆ. ಹಾಗಾಗಿ ಮೊದಲ ಕೆಲಸವಾಗಿ ಕಾಗೆಯ ಕ್ಯಾರೆಕ್ಟರ್ ಶೀಟ್ ತೆಗೆದು ನೋಡಿ. ಈ ಮಿತಿಗಳವರೆಗೂ ಅವನು ಬಂದಿದ್ದಾನಾ? ಪವರ್ ಇಲ್ಲದ ಪಾತ್ರ ಕಟ್ಟುವವರು "ನಾನು ಸಾಮಾನ್ಯ ಮನುಷ್ಯ ಅಲ್ವಾ" ಅಂತ ಸಂಕೋಚಪಟ್ಟು ಅಂಕಿಗಳನ್ನು ಸಣ್ಣದಾಗಿ ಇಡುತ್ತಾರೆ. ಹಾಗೆ ಮಾಡಿದ್ದರೆ ಈಗಲೇ ಸರಿಮಾಡಿಸಿ. ಕೌಶಲಗಳಲ್ಲಿ ಅವನು 20ರವರೆಗೆ ಹೋಗಬಹುದು. ಪರಿಚಯಸ್ಥರನ್ನು ಬಳಸುವುದಕ್ಕೆ, ಊರ ಸುದ್ದಿ ತಿಳಿದಿರುವುದಕ್ಕೆ 'ಕಾಂಟ್ಯಾಕ್ಟ್ಸ್', 'ಕನೆಕ್ಟೆಡ್', 'ವೆಲ್-ಇನ್ಫಾರ್ಮ್ಡ್' ಎಂಬ ಅಡ್ವಾಂಟೇಜ್‌ಗಳಿವೆ. ಒಂದೊಂದಕ್ಕೆ ಒಂದೇ ಪಾಯಿಂಟ್. ಕ್ರೈಂ ರಿಪೋರ್ಟರ್‌ಗೆ ಹೇಳಿ ಮಾಡಿಸಿದ ಹಾಗಿವೆ. ಒಂದೇ ಏಟಿಗೆ ಬೀಳುವ ಪುಡಿ ರೌಡಿಗಳನ್ನು ಒಬ್ಬರ ಹಿಂದೆ ಒಬ್ಬರನ್ನು ಉರುಳಿಸಲು 'ಟೇಕ್‌ಡೌನ್' ಇದೆ, ಅದೂ ಕೊಡಿಸಿ.

ಇಷ್ಟೆಲ್ಲ ಸರಿ ಇದ್ದರೂ ಕಾಗೆಗೆ ಬೇಜಾರು ಹೋಗದೆ ಇರಬಹುದು. ಹೊಡೆದಾಟದ ಹೊರಗೆ ಈ ಸಮಾನತೆ ಉಳಿಯುವುದಿಲ್ಲ. ಈ ಆಟದಲ್ಲಿ ಬಲದ ಒಂದೊಂದು ಮೆಟ್ಟಿಲಿಗೂ ತೂಕ ದುಪ್ಪಟ್ಟಾಗುತ್ತದೆ. ಬಲ 2 ಇರುವವನು 200 ಪೌಂಡ್ ಎತ್ತುತ್ತಾನೆ, ಅಂದರೆ ಸುಮಾರು 90 ಕಿಲೋ. ಬಲ 12 ಇರುವ ಸಿಡಿಲು ಎತ್ತುವುದು ಅದರ 1,024 ಪಟ್ಟು. ಶೀಟ್ ಮೇಲೆ ನೋಡಿದರೆ 2, 12. ಕಥೆಯಲ್ಲಿ ನೋಡಿದರೆ ಒಂದು ಅಕ್ಕಿ ಮೂಟೆ, ಇನ್ನೊಂದು ತುಂಬಿದ ನಾಲ್ಕು ಲಾರಿ. 1985ರ 'ಡಿಸಿ ಹೀರೋಸ್' ಆಟದಲ್ಲೂ ಇದೇ ದುಪ್ಪಟ್ಟಿನ ಉಪಾಯ ಇತ್ತು. ಸೂಪರ್‌ಮ್ಯಾನನ್ನೂ ಬೀದಿ ಕಾಯುವ ಪೊಲೀಸನನ್ನೂ ಒಂದೇ ಪಟ್ಟಿಯಲ್ಲಿ ಕೂರಿಸಲು ಬೇರೆ ದಾರಿಯೂ ಇರಲಿಲ್ಲ. ಆದರೆ ಪಟ್ಟಿಯಲ್ಲಿ ಅಂಕಿ ಚಿಕ್ಕದಾದರೆ ಕಥೆಯಲ್ಲಿ ಅಂತರ ಚಿಕ್ಕದಾಗುವುದಿಲ್ಲ. ಗೋಡೆ ಒಡೆಯಬೇಕು, ಬಸ್ಸು ತಡೆಯಬೇಕು, ಎಂಟನೇ ಮಹಡಿಗೆ ಹೋಗಬೇಕು ಅಂದಾಗ ಎಲ್ಲರೂ ಸಿಡಿಲಿನ ಮುಖ ನೋಡುತ್ತಾರೆ. ಕಾಗೆ ಇಡೀ ಇನ್ನಿಂಗ್ಸ್ ನಾನ್-ಸ್ಟ್ರೈಕರ್ ಎಂಡ್‌ನಲ್ಲೇ ನಿಂತಿರುತ್ತಾನೆ.

ಕಾಮಿಕ್ಸ್‌ನಲ್ಲಿ ಇದು ಹೇಗೆ ನಡೆಯುತ್ತದೆ ಅಂತ ನೀವು ಕೇಳಬಹುದು. 1960ರಿಂದ ಜಸ್ಟಿಸ್ ಲೀಗ್‌ನಲ್ಲಿ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಜೊತೆಗೇ ಇದ್ದಾರೆ, ಯಾರೂ ದೂರು ಕೊಟ್ಟಿಲ್ಲ. ಕೊಡುವುದಿಲ್ಲ ಬಿಡಿ. ಅಲ್ಲಿ ಬರೆಯುವವರು ಯಾವ ಪುಟ ಯಾರದ್ದು ಅಂತ ಮೊದಲೇ ಹಂಚಿರುತ್ತಾರೆ. ಸೂಪರ್‌ಮ್ಯಾನ್ ಬೇಡವಾದಾಗ ಅವನನ್ನು ಬೇರೆ ಗ್ರಹಕ್ಕೆ ಕಳಿಸಿದರೆ ಆಯಿತು. ಟೇಬಲ್‌ನಲ್ಲಿ ಸಿಡಿಲನ್ನು ಆಡುವವಳು ಶನಿವಾರ ಸಂಜೆ ಬಿಡುವು ಮಾಡಿಕೊಂಡು ಬಂದು ಕೂತಿದ್ದಾಳೆ. ಅವಳನ್ನು ಎಲ್ಲಿಗೆ ಕಳಿಸುತ್ತೀರಿ?

ಆಟ ಬರೆಯುವವರು ನಾಲ್ಕು ದಶಕದಿಂದ ಈ ಗಂಟನ್ನು ಬಿಡಿಸುತ್ತಲೇ ಇದ್ದಾರೆ. 1981ರ 'ಚಾಂಪಿಯನ್ಸ್' ಎಲ್ಲರಿಗೂ ಸಮ ಪಾಯಿಂಟ್ ಕೊಟ್ಟು, ಬೇಕಾದ್ದು ಕೊಂಡುಕೊಳ್ಳಿ ಅಂದಿತು. ನಿಮ್ಮ ಆಟ ಅದೇ ದಾರಿಯದು. 1984ರಲ್ಲಿ ಟಿಎಸ್‌ಆರ್ ಕಂಪನಿ ತಂದ 'ಮಾರ್ವೆಲ್ ಸೂಪರ್ ಹೀರೋಸ್' ಬಲವನ್ನು ಸಮ ಮಾಡುವ ಗೋಜಿಗೇ ಹೋಗಲಿಲ್ಲ. ಅದರಲ್ಲಿ 'ಕರ್ಮ' ಎಂಬ ಪಾಯಿಂಟ್ ಇತ್ತು (ಹೌದು, ನಮ್ಮ ಕರ್ಮವೇ). ದಾಳ ಕೈಕೊಟ್ಟಾಗ ಕರ್ಮ ಖರ್ಚು ಮಾಡಿ ಅಂಕಿ ಏರಿಸಿಕೊಳ್ಳಬಹುದು. ಶುರುವಿನಲ್ಲಿ ಎಷ್ಟು ಕರ್ಮ ಸಿಗುತ್ತದೆ ಅನ್ನುವುದು ಬುದ್ಧಿ, ಅಂತಃಪ್ರಜ್ಞೆ, ಮನೋಬಲದ ಮೇಲೆ ನಿಂತಿತ್ತು, ತೋಳಿನ ಬಲದ ಮೇಲಲ್ಲ. ಯಾರನ್ನಾದರೂ ಕೊಂದರೆ ಇದ್ದಬದ್ದ ಕರ್ಮವೆಲ್ಲ ಸೊನ್ನೆ. ಬಲವಂತನಿಗೆ ಕೈ ಹಿಡಿದುಕೊಳ್ಳಲು ಅದಕ್ಕಿಂತ ಒಳ್ಳೆಯ ಕಾರಣ ಬೇಕಾ?

ನನಗೆ ಜಾಸ್ತಿ ಇಷ್ಟವಾದದ್ದು 2002ರಲ್ಲಿ ಈಡನ್ ಸ್ಟುಡಿಯೋಸ್ ತಂದ 'ಬಫಿ' ಆಟದ ಲೆಕ್ಕ. ಆ ಟಿವಿ ಕಥೆಯಲ್ಲಿ ರಕ್ತಪಿಶಾಚಿಗಳನ್ನು ಕೊಲ್ಲುವ ಒಬ್ಬ ಹುಡುಗಿ, ಅವಳ ಸುತ್ತ ಸಾಧಾರಣ ಗೆಳೆಯರು. ಆಟದಲ್ಲೂ ಎರಡು ಬಗೆಯ ಪಾತ್ರ. ಹೀರೋಗೆ ಬಲ ಜಾಸ್ತಿ, ಆದರೆ ಶುರುವಿನಲ್ಲಿ ಡ್ರಾಮಾ ಪಾಯಿಂಟ್ 10. ಗೆಳೆಯರಿಗೆ ಬಲ ಕಡಿಮೆ, ಡ್ರಾಮಾ ಪಾಯಿಂಟ್ 20. ಈ ಪಾಯಿಂಟ್ ಖರ್ಚು ಮಾಡಿ ಒಂದು ಏಟನ್ನು ಭಾರಿ ಏಟು ಮಾಡಬಹುದು, ಕಥೆಗೆ ಅನುಕೂಲವಾದ ಒಂದು ತಿರುವನ್ನೂ ತರಬಹುದು. ಒಬ್ಬರಿಗೆ ಬಲ, ಇನ್ನೊಬ್ಬರಿಗೆ ಕಥೆಯ ಮೇಲೆ ಹಿಡಿತ. ಇಬ್ಬರೂ ಸಮ ಅಲ್ಲ, ಆದರೆ ಇಬ್ಬರಲ್ಲಿ ಒಬ್ಬರು ಇಲ್ಲದಿದ್ದರೂ ಕಥೆ ನಡೆಯುವುದಿಲ್ಲ.

2010ರ 'ಸ್ಮಾಲ್‌ವಿಲ್' ಆಟ ಇನ್ನೂ ಮುಂದೆ ಹೋಯಿತು. ಸೂಪರ್‌ಮ್ಯಾನ್ ಆಗಲಿರುವ ಕ್ಲಾರ್ಕ್ ಕೆಂಟ್‌ನನ್ನೂ ವರದಿಗಾರ್ತಿ ಲೋಯಿಸ್ ಲೇನ್‌ಳನ್ನೂ ಒಂದೇ ಟೇಬಲ್‌ನಲ್ಲಿ ಆಡಿಸಬೇಕಿತ್ತು. ಅವರು ದಾಳವನ್ನೇ ಬದಲಾಯಿಸಿದರು. ಎಷ್ಟು ತೂಕ ಎತ್ತುತ್ತೀಯ ಅಂತ ಮೊದಲು ಕೇಳುವುದಿಲ್ಲ. ಯಾವುದಕ್ಕಾಗಿ ಮಾಡುತ್ತಿದ್ದೀಯ, ಕರ್ತವ್ಯಕ್ಕೋ ಪ್ರೀತಿಗೋ ಸತ್ಯಕ್ಕೋ? ಯಾರಿಗಾಗಿ? ಆ ಎರಡು ಉತ್ತರಕ್ಕೆ ಎರಡು ದಾಳ. ಪವರ್ ಇದ್ದರೆ ಅದರ ದಾಳ ಆಮೇಲೆ ಸೇರುತ್ತದೆ. ಪ್ರೀತಿಗಾಗಿ ಹೊರಟ ವರದಿಗಾರ್ತಿ, ಮನಸ್ಸಿಲ್ಲದೆ ಹೊರಟ ಸೂಪರ್‌ಮ್ಯಾನ್‌ಗಿಂತ ಒಳ್ಳೆಯ ದಾಳ ಹಿಡಿದು ಕೂತಿರಬಹುದು. 2016ರ 'ಮಾಸ್ಕ್ಸ್' ಹದಿಹರೆಯದ ಹೀರೋಗಳ ಆಟ. ಅಲ್ಲಂತೂ ಬಲಕ್ಕೆ ಅಂಕಿಯೇ ಇಲ್ಲ. ನಿನ್ನನ್ನು ನೀನು ಏನಂದುಕೊಂಡಿದ್ದೀಯ ಅನ್ನುವುದಕ್ಕೆ ಐದು ಅಂಕಿ. ದೊಡ್ಡವರು ಬೈದರೆ, ಹೊಗಳಿದರೆ ಅವು ಮೇಲೆ ಕೆಳಗೆ ಆಗುತ್ತವೆ.

ಆಟ ಬದಲಾಯಿಸಿ ಅಂತ ನಾನು ಹೇಳುತ್ತಿಲ್ಲ. ನಡೆಯುತ್ತಿರುವ ಕಥೆಯನ್ನು ಮಧ್ಯದಲ್ಲಿ ಬೇರೆ ನಿಯಮಕ್ಕೆ ಸಾಗಿಸುವುದು ದೊಡ್ಡ ತಲೆನೋವು. ಬಫಿ ಆಟದ ಉಪಾಯವನ್ನು ಮಾತ್ರ ಕದ್ದು ತನ್ನಿ. ನಿಮ್ಮ ಆಟದಲ್ಲಿ ಹೀರೋ ಪಾಯಿಂಟ್ ಇದೆಯಲ್ಲ? ಪ್ರತಿ ಸಾಹಸದ ಶುರುವಿನಲ್ಲಿ ಎಲ್ಲರಿಗೂ ಒಂದೊಂದು ಅನ್ನುವುದು ನಿಯಮ. ಸಿಡಿಲಿಗೆ ಒಂದು ಇರಲಿ. ಬುಗುರಿ, ಮಾಯಾವಿಗೆ ಎರಡೆರಡು. ಕಾಗೆಗೆ ನಾಲ್ಕು. ಟೇಬಲ್‌ನಲ್ಲಿ ಎಲ್ಲರ ಮುಂದೆ ಹೇಳಿಯೇ ಕೊಡಿ, ಗುಟ್ಟಾಗಿ ಅಲ್ಲ.

ಕೊಟ್ಟ ಮೇಲೆ ಅವನಿಗೆ ಒಂದು ಬಳಕೆಯನ್ನು ಚೆನ್ನಾಗಿ ಹೇಳಿಕೊಡಿ. ಹೀರೋ ಪಾಯಿಂಟ್ ಕೊಟ್ಟು ದಾಳ ಮತ್ತೆ ಹಾಕಬಹುದು ಅನ್ನುವುದು ಎಲ್ಲರಿಗೂ ಗೊತ್ತು. ದೃಶ್ಯವನ್ನೇ ಸ್ವಲ್ಪ ತಿದ್ದಬಹುದು ಅನ್ನುವುದು ಬಹಳ ಜನರಿಗೆ ನೆನಪೇ ಇರುವುದಿಲ್ಲ. "ಈ ಗೋಡೌನ್ ಮೇಲೆ ನಾನು ಹೋದ ವರ್ಷ ಸ್ಟೋರಿ ಮಾಡಿದ್ದೆ. ಹಿಂದೆ ಒಂದು ಬಾಗಿಲಿದೆ, ವಾಚ್‌ಮನ್ ನನಗೆ ಗೊತ್ತು." ಒಂದು ಪಾಯಿಂಟ್, ಬಾಗಿಲು ಹುಟ್ಟಿತು, ವಾಚ್‌ಮನ್ನೂ ಹುಟ್ಟಿದ. ಸುಮಾರು ನೂರು ಟನ್ ಎತ್ತುವ ಸಿಡಿಲಿಗೆ ಗೋಡೆ ಒಡೆಯಲು ಬರುತ್ತದೆ, ಸದ್ದಿಲ್ಲದ ಬಾಗಿಲು ಮಾಡಲು ಬರುವುದಿಲ್ಲ.

ಇನ್ನು ಉಳಿದದ್ದು ನಿಮ್ಮ ಕೆಲಸ, ಅದೇ ದೊಡ್ಡದು. ನೀವು ಕೊಡುತ್ತಿರುವ ಸಮಸ್ಯೆಗಳನ್ನು ಒಮ್ಮೆ ನೋಡಿಕೊಳ್ಳಿ. ಕಳೆದ ಮೂರು ನಾಲ್ಕು ಸೆಷನ್‌ಗಳ ಕೊನೆಯ ದೃಶ್ಯ ಏನಿತ್ತು? ವಿಲನ್ ಬಂದ, ಹೊಡೆದಾಟ ಆಯಿತು, ಬಿದ್ದ. ಹಾಗಾದರೆ ಪ್ರತಿ ಸಲವೂ ನೀವೇ ಸಿಡಿಲಿನ ಹೆಸರು ಬರೆದ ಪ್ರಶ್ನೆಪತ್ರಿಕೆ ಕೊಟ್ಟಿದ್ದೀರಿ.

ಒಂದು ದೃಶ್ಯ ಕಟ್ಟಿ ತೋರಿಸುತ್ತೇನೆ. ರಾತ್ರಿ ಎಂಟೂವರೆ. ನಮ್ಮ ಮೆಟ್ರೋ ಎತ್ತರದ ಹಳಿ, ಎರಡು ನಿಲ್ದಾಣದ ನಡುವೆ. ವಿಲನ್ ಹಳಿ ಸಿಡಿಸಿದ್ದಾನೆ. ಮೊದಲ ಬೋಗಿ ಹಳಿ ಬಿಟ್ಟು ಅಂಚಿನಿಂದ ಅರ್ಧ ಹೊರಗೆ ನೇತಾಡುತ್ತಿದೆ. ಕೆಳಗೆ ರಸ್ತೆ, ಟ್ರಾಫಿಕ್ ನಿಂತಿದೆ. ಸಿಡಿಲು ಹಾರಿ ಬಂದು ಬೋಗಿಗೆ ಕೆಳಗಿನಿಂದ ಭುಜ ಕೊಡುತ್ತಾಳೆ. ದಾಳವೇ ಬೇಡ, ಅವಳಿಂದ ಆಗುತ್ತದೆ. ಆ ಹೆಮ್ಮೆ ಅವಳಿಗೆ ಪೂರ್ತಿ ಸಿಗಲಿ. ಬೇರೆ ಯಾರಿಂದಲೂ ಆಗದ ಕೆಲಸ. ಆದರೆ ಒಳಗೆ ಜನ ಇರುವವರೆಗೆ ಅವಳು ಅಲ್ಲಿಂದ ಅಲುಗಾಡುವ ಹಾಗಿಲ್ಲ.

ಜನರನ್ನು ಇಳಿಸಿ ನಡೆಸಿಕೊಂಡು ಹೋಗಬೇಕು. ಇಳಿಸುವ ಹಾಗಿಲ್ಲ, ಯಾಕೆಂದರೆ ನಮ್ಮ ಮೆಟ್ರೋಗೆ ಕರೆಂಟ್ ಬರುವುದು ತಲೆಯ ಮೇಲಿನ ತಂತಿಯಿಂದಲ್ಲ, ಹಳಿಯ ಪಕ್ಕದ ಮೂರನೇ ಹಳಿಯಿಂದ. 750 ವೋಲ್ಟ್ ಡಿಸಿ. ಸ್ಫೋಟದಲ್ಲಿ ಅದು ಕಿತ್ತು ಯಾವ ಕಡೆ ಬಿದ್ದಿದೆಯೋ ಕತ್ತಲಲ್ಲಿ ಕಾಣುವುದಿಲ್ಲ. ಕರೆಂಟ್ ಆಫ್ ಆಗಿದೆ ಅಂತ ಯಾರಾದರೂ ಖಚಿತವಾಗಿ ಹೇಳಬೇಕು. ಬೈಯಪ್ಪನಹಳ್ಳಿಯ ಕಂಟ್ರೋಲ್ ರೂಮ್‌ಗೆ ಫೋನ್ ಹೋಗಬೇಕು. ಅಲ್ಲಿ ಫೋನ್ ಎತ್ತಿದವರಿಗೆ ಬೆದರಿಕೆ ಕರೆಗಳು ಬಂದು ಬಂದು ಯಾರನ್ನೂ ನಂಬುವ ಸ್ಥಿತಿ ಇಲ್ಲ. "ನಾನು ಸೂಪರ್‌ಹೀರೋ" ಅಂದರೆ ಇಟ್ಟೇಬಿಡುತ್ತಾರೆ. ಈಗ ಎಲ್ಲರೂ ಕಾಗೆಯ ಮುಖ ನೋಡುತ್ತಾರೆ.

ಅವನು ಮಾತಾಡುವ ಹೊತ್ತಿನಲ್ಲಿ ಮಾಯಾವಿ ಬೋಗಿಯೊಳಗೆ ನೆಟ್ಟಗಿರುವ ನೆಲ ತೋರಿಸಿ ಜನರ ಕಿರುಚಾಟ ನಿಲ್ಲಿಸಲಿ. ಕರೆಂಟ್ ಹೋಯಿತು ಅಂತ ಗೊತ್ತಾದ ಕ್ಷಣ ಬುಗುರಿ ಜನರನ್ನು ಇಳಿಸಲು ಶುರು ಮಾಡಲಿ. ಇಷ್ಟಕ್ಕೆ ನಿಲ್ಲಿಸಬೇಡಿ. ಫೋನಿನ ಆ ಕಡೆಯಿಂದ ಕಾಗೆಗೆ ಒಂದು ಮಾತು ಕೇಳಿಸಲಿ: "ಸರ್, ಇಲ್ಲಿಗೂ ಯಾರೋ ನುಗ್ಗಿದ್ದಾರೆ." ಹಳಿ ಸಿಡಿಸಿದ್ದು ಸಿಡಿಲನ್ನು ಅಲ್ಲಿ ಕಟ್ಟಿಹಾಕುವುದಕ್ಕೆ. ಇದು ಗೊತ್ತಿರುವುದು ಕಾಗೆಗೆ ಮಾತ್ರ. ಈಗಲೇ ಸಿಡಿಲಿಗೆ ಹೇಳಿದರೆ ಅವಳ ಗಮನ ತಪ್ಪುತ್ತದೆ. ಹೇಳದಿದ್ದರೆ ವಿಲನ್ ಕೈತಪ್ಪುತ್ತಾನೆ. ಬುಗುರಿಯನ್ನು ಅಲ್ಲಿಗೆ ಓಡಿಸಿದರೆ ಬೋಗಿಯಲ್ಲಿರುವವರನ್ನು ಇಳಿಸುವವರಿಲ್ಲ. ಈ ನಿರ್ಧಾರ ನೀವು ಮಾಡಬೇಡಿ, ಅವನಿಗೆ ಬಿಡಿ. ಒಂದು ನಿಮಿಷ ಸುಮ್ನೆ ಕೂತು ಅವನ ಮುಖ ನೋಡಿ.

ಇಲ್ಲಿ ಸಿಡಿಲಿನ ಬಲ ಒಂದು ಗ್ರಾಂ ಕಡಿಮೆಯಾಗಿಲ್ಲ, ಗಮನಿಸಿ. ಬಹಳ ಗೇಮ್ ಮಾಸ್ಟರ್‌ಗಳು ಹಿಡಿಯುವ ಸುಲಭದ ದಾರಿ ಬೇರೆ. ಪ್ರತಿ ವಿಲನ್ ಜೇಬಿನಲ್ಲೂ, ಸೂಪರ್‌ಮ್ಯಾನ್‌ನ ಬಲ ಕುಗ್ಗಿಸುವಂಥ ಒಂದೊಂದು ಹಸಿರು ಕಲ್ಲು ಇಡುತ್ತಾರೆ. ಸಿಡಿಲಿಗೆ ನೀರು ಆಗಿಬರಲ್ಲ ಅಂತ ಶೀಟ್‌ನಲ್ಲಿ ಬರೆದಿದ್ದರೆ ಬೆಂಗಳೂರಿನ ಎಲ್ಲ ಕಳ್ಳರೂ ಟ್ಯಾಂಕರ್ ತಂದೇ ಕಳ್ಳತನ ಮಾಡುತ್ತಾರೆ. ವರ್ಷಕ್ಕೊಮ್ಮೆ ಇಂಥದ್ದು ಚೆನ್ನಾಗಿರುತ್ತದೆ. ಪ್ರತಿ ಸಲ ಆದರೆ ಅದು ಶಿಕ್ಷೆ. ಅವಳು ಪಾಯಿಂಟ್ ಕೊಟ್ಟು ತೆಗೆದುಕೊಂಡ ಪವರ್ ಅದು, ಬಳಸಲು ಬಿಡಬೇಕು. ಅವಳ ಕೈ ಕಟ್ಟಬೇಡಿ, ಕೈ ತುಂಬ ಕೆಲಸ ಕೊಡಿ.

ಬಲದ ಅಂತರಕ್ಕಿಂತ ದೊಡ್ಡ ತೊಂದರೆ ಒಂದಿದೆ. ಅದು ನಿಮ್ಮಲ್ಲಿ ಇಲ್ಲ, ಆದರೂ ಹೇಳಿಬಿಡುತ್ತೇನೆ. ಒಂದೇ ಕೆಲಸ ಇಬ್ಬರು ಮಾಡುವುದು, ಅದರಲ್ಲಿ ಒಬ್ಬರು ಸ್ವಲ್ಪ ಚೆನ್ನಾಗಿ ಮಾಡುವುದು. ಹಲ್ಕ್ ಪಕ್ಕದಲ್ಲಿ ಬಿಲ್ಲುಗಾರ ಇದ್ದರೆ ಏನೂ ತೊಂದರೆ ಇಲ್ಲ. ಹಲ್ಕ್ ಪಕ್ಕದಲ್ಲಿ ಸಣ್ಣ ಹಲ್ಕ್ ಇದ್ದರೆ ಆ ಆಟಗಾರನಿಗೆ ದಿನವೂ ಅವಮಾನ. ಕಾಗೆಗೆ ಪವರ್ ಕೊಡಬೇಡಿ ಅಂದದ್ದು ಇದಕ್ಕೇ. ನಾಳೆ ಬುಗುರಿಯನ್ನು ಆಡುವವನು "ನಾನೂ ಸ್ವಲ್ಪ ಪತ್ತೇದಾರಿ ಕಲಿಯುತ್ತೇನೆ, ಪಾಯಿಂಟ್ ಉಳಿದಿದೆ" ಅಂದರೆ ಅಲ್ಲೇ ತಡೆಯಿರಿ. ಹೊಸಬರು ಯಾರಾದರೂ ಸೇರಿ, ಮನಸ್ಸು ಓದುವ ಪಾತ್ರ ತಂದರೆ ಇನ್ನೂ ಎಚ್ಚರ. ಲಾರಿ ಎತ್ತುವವಳಿಂದ ಹಾಳಾಗದ ಪತ್ತೇದಾರಿ ಕಥೆ, ಮನಸ್ಸು ಓದುವವನು ಒಬ್ಬ ಬಂದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಆಗ ಕಾಗೆಯ ಕೆಲಸ ನಿಜವಾಗಿಯೂ ಹೋಗುತ್ತದೆ.

ಇನ್ನೊಂದು. ಸಿಡಿಲನ್ನು ಆಡುವವಳ ಜೊತೆಗೂ ಮಾತಾಡಿ. ಬಲಶಾಲಿ ಪಾತ್ರ ಹಿಡಿದವರಿಗೂ ಒಂದು ಬೇಜಾರು ಇರುತ್ತದೆ, ಯಾರೂ ಕೇಳುವುದಿಲ್ಲ. ಎಲ್ಲ ಗೋಡೆಯೂ ಒಂದೇ ಏಟಿಗೆ ಬಿದ್ದರೆ ಮೂರನೇ ಗೋಡೆಯ ಹೊತ್ತಿಗೆ ಆಕಳಿಕೆ ಬರುತ್ತದೆ. ಬಲದಿಂದ ಬಗೆಹರಿಯದ ಯಾವ ತೊಂದರೆ ಸಿಡಿಲಿಗೆ ಇರಬೇಕು ಅಂತ ಅವಳನ್ನೇ ಕೇಳಿ. ಅಮ್ಮನಿಗೆ ಗುಟ್ಟು ಗೊತ್ತಾಗುವುದಾ? ಟಿವಿಯವರು ಬೆನ್ನು ಬೀಳುವುದಾ? ನಿಮ್ಮ ಆಟದಲ್ಲಿ ಇದಕ್ಕೆ 'ಕಾಂಪ್ಲಿಕೇಶನ್' ಅನ್ನುತ್ತಾರೆ. ಅದು ಕಾಡಿದಾಗೆಲ್ಲ ಅವಳಿಗೆ ಹೀರೋ ಪಾಯಿಂಟ್ ಕೊಡಬೇಕು. ಅವಳು ಒಂದೇ ಪಾಯಿಂಟ್‌ನಿಂದ ಶುರು ಮಾಡಿದರೂ ಹೀಗೆ ಸಂಪಾದಿಸಿಕೊಳ್ಳುತ್ತಾಳೆ. ಅವಳ ಫೋಟೊ ತೆಗೆದು ಪತ್ರಿಕೆಗೆ ಕೊಡಬೇಕಾದವನು ಕಾಗೆಯೇ ಆಗಿದ್ದರೆ ಇನ್ನೂ ಚೆಂದ. ಇಬ್ಬರ ಕಥೆ ಒಂದಕ್ಕೊಂದು ಗಂಟು ಬೀಳುತ್ತದೆ.

ಮುಂದಿನ ಎರಡು ಮೂರು ಸೆಷನ್ ಒಂದು ಚೀಟಿ ಇಟ್ಟುಕೊಳ್ಳಿ. ಯಾರು ಎಷ್ಟು ಹೊಡೆದರು ಅಂತ ಬರೆಯಬೇಡಿ. ಕಥೆ ತಿರುಗಿದ್ದು ಎಲ್ಲಿ, ತಿರುಗಿಸಿದ್ದು ಯಾರು ಅಂತ ಮಾತ್ರ ಬರೆಯಿರಿ. ಒಂದೇ ಹೆಸರು ಪದೇ ಪದೇ ಬಂದರೆ ಮುಂದಿನ ಸಲದ ಸಮಸ್ಯೆಯನ್ನು ಇನ್ನೊಬ್ಬರ ಕೌಶಲ ನೋಡಿ ಬರೆಯಿರಿ. ಪ್ರತಿ ಸೆಷನ್‌ನಲ್ಲೂ ನಾಲ್ಕೂ ಹೆಸರು ಬರಲೇಬೇಕು ಅಂತ ಹಟ ಬೇಡ. ಒಂದು ವಾರ ಪೂರ್ತಿ ಸಿಡಿಲಿನದೇ ಆದರೂ ಪರವಾಗಿಲ್ಲ, ಮುಂದಿನ ವಾರ ಅವಳ ಸರದಿ ಅಲ್ಲ ಅಂತ ಎಲ್ಲರಿಗೂ ಗೊತ್ತಿದ್ದರೆ ಸಾಕು.

ಮುಂದಿನ ಸೆಷನ್ ಹೊಡೆದಾಟದಿಂದ ಶುರು ಮಾಡಬೇಡಿ. ಕಾಗೆಯ ಪತ್ರಿಕೆ ಆಫೀಸಿನಿಂದ ಶುರು ಮಾಡಿ. ಎಡಿಟರ್ ಬಂದು, "ನಾಳೆ ಮೊದಲ ಪುಟಕ್ಕೆ ಏನು ಕೊಡ್ತೀಯ?" ಅಂತ ಕೇಳಲಿ. ಅವನು ಏನು ಹೇಳುತ್ತಾನೋ, ಆ ವಾರದ ವಿಲನ್‌ನನ್ನು ಅಲ್ಲಿಂದ ಕಟ್ಟಿಕೊಳ್ಳಿ.